ಎಕರೆಗೊಂದು ಲೀಟರ್ ಎಂದವರು ಯಾರು? ಕೃಷಿ ಔಷಧ ಕಂಪನಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಕರ್ನಾಟಕದಲ್ಲಿ ಕಳೆನಾಶಕ, ಕೀಟನಾಶಕ ಮಾರುವ ಎಲ್ಲ ಕಂಪನಿಗಳ ಆಡಳಿತ ಮಂಡಳಿಗಳಿಗೆ

ಪ್ರತಿ: ರಾಜ್ಯ ಕೃಷಿ ಇಲಾಖೆಗೆ, ಮತ್ತು ಔಷಧಿ ಬಾಟಲಿ ಕೈಯಲ್ಲಿ ಹಿಡಿದ ಎಲ್ಲ ಬೆಳೆಗಾರರಿಗೆ

ಮಾನ್ಯರೇ,

ಇಮಾಜೆಥಾಪೈರ್ 10 ಎಸ್‌ಎಲ್ ಎಂಬ ಕಳೆನಾಶಕದ ಬಾಟಲಿಯ ಲೇಬಲ್ ಒಮ್ಮೆ ತೆಗೆದು ನೋಡಿ. ಸೋಯಾ ಅವರೆಗೆ ಹೆಕ್ಟೇರಿಗೆ 1 ಲೀಟರ್ ಎಂದಿದೆ. ಎಕರೆ ಲೆಕ್ಕಕ್ಕೆ ತಂದರೆ 400 ಮಿಲಿ. ಎಕರೆಗೆ 200 ಲೀಟರ್ ನೀರು ಹಿಡಿದರೆ 15 ಲೀಟರಿನ ಪಂಪು ಹದಿಮೂರು ಸಲ ತುಂಬುತ್ತದೆ, ಪಂಪಿಗೆ 30 ಮಿಲಿ ಬೀಳಬೇಕು. ಅಂಗಡಿ ಕಟ್ಟೆಯ ಮೇಲೆ ಕೂತ ನಿಮ್ಮ ಕಂಪನಿ ಹುಡುಗ ಹೇಳುವುದು ಬೇರೆ: ‘ಎಕರೆಗೆ ಒಂದು ಲೀಟರ್ ಹೊಡೀರಿ, ಒಂದ ಸಲಕ್ಕ ಎಲ್ಲಾ ಸಾಫ್.’ ಹೆಕ್ಟೇರು ಬಾಯಲ್ಲಿ ಎಕರೆಯಾಗುವ ಹೊತ್ತಿಗೆ ಡೋಸು ಎರಡೂವರೆ ಪಟ್ಟಾಗಿರುತ್ತದೆ. ಪಂಪಿಗೆ 30 ಮಿಲಿ ಹೋಗಬೇಕಾದಲ್ಲಿ 75 ಮಿಲಿ ಹೋಗುತ್ತದೆ. ಅದನ್ನು ಅಳೆಯುವುದೂ ಬಾಟಲಿಯ ಮುಚ್ಚಳದಲ್ಲಿ. ಮುಚ್ಚಳ ಎಲ್ಲ ಬಾಟಲಿಗೂ ಒಂದೇ ಅಳತೆಯದಲ್ಲ, ಆದರೆ ‘ಮೂರು ಮುಚ್ಚಳ ಹಾಕ್ರಿ’ ಎನ್ನುವ ಮಾತು ಮಾತ್ರ ಎಲ್ಲ ಬಾಟಲಿಗೂ ಒಂದೇ.

ಈ ತಪ್ಪು ಸಲಹೆಯಿಂದ ಆದ ನಷ್ಟವನ್ನು ಯಾರು ಕಟ್ಟಿಕೊಡಬೇಕು ಎಂಬುದಷ್ಟೇ ಈ ಪತ್ರದ ವಿಷಯ. ನೀವೇ ಕಟ್ಟಿಕೊಡಬೇಕು ಎನ್ನುವುದು ನಮ್ಮ ನಿಲುವು. ಯಾಕೆಂದು ಹೇಳುತ್ತೇವೆ.

ಡೋಸು ಎರಡೂವರೆ ಪಟ್ಟಾದಾಗ ಹೊಲದಲ್ಲಿ ಏನಾಗುತ್ತದೆಂಬುದು ನಿಮ್ಮ ತಾಂತ್ರಿಕ ವಿಭಾಗಕ್ಕೆ ಚೆನ್ನಾಗಿ ಗೊತ್ತು. ಈ ಔಷಧಿ ವ್ಯಾಲಿನ್, ಲ್ಯೂಸಿನ್, ಐಸೊಲ್ಯೂಸಿನ್ ಎಂಬ ಮೂರು ಅಮೈನೋ ಆಮ್ಲಗಳು ಗಿಡದೊಳಗೆ ತಯಾರಾಗದಂತೆ ತಡೆಯುತ್ತದೆ. ಸೋಯಾ ಅದನ್ನು ಬೇಗ ಅರಗಿಸಿಕೊಳ್ಳುತ್ತದೆ, ಹಾಗಾಗಿ ಬದುಕುತ್ತದೆ. ಡೋಸು ಹೆಚ್ಚಾದರೆ ಎಳೆ ಎಲೆ ಹಳದಿಯಾಗಿ, ಗೆಣ್ಣುಗಳ ನಡುವಿನ ಅಂತರ ಗಿಡ್ಡಾಗಿ ಗಿಡ ಕೆಲ ದಿನ ಕುಗ್ಗುತ್ತದೆ. ಆಮೇಲೆ ಚೇತರಿಸಿಕೊಂಡಂತೆ ಕಾಣುವುದರಿಂದ ಯಾರೂ ಗಮನಕ್ಕೆ ತೆಗೆದುಕೊಳ್ಳುವುದಿಲ್ಲ. ನಿಜವಾದ ಪೆಟ್ಟು ಬೀಳುವುದು ಸೋಯಾ ಕಿತ್ತು ಹಿಂಗಾರಿ ಜೋಳ ಬಿತ್ತಿದ ಮೇಲೆ. ಔಷಧಿಯನ್ನು ಮಣ್ಣಿನಲ್ಲಿ ಕರಗಿಸುವುದು ಸೂಕ್ಷ್ಮಜೀವಿಗಳು, ಅವುಗಳಿಗೆ ಹಸಿ ಬೇಕು. ಮಳೆ ಬೇಗ ಹಿಂದೆ ಸರಿದ ವರ್ಷ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಜೋಳ ಮೊಳೆತು ಎರಡು ಮೂರು ಎಲೆ ಬಿಟ್ಟು ನಿಂತುಬಿಡುತ್ತದೆ. ಎಲೆಗೆ ನೇರಳೆ ಛಾಯೆ, ಸುಳಿ ಬಿಳಿಚಿಕೊಂಡಿರುತ್ತದೆ. ಕಿತ್ತು ನೋಡಿದರೆ ಬೇರು ಬಾಟಲಿ ತೊಳೆಯುವ ಬ್ರಷ್ಷಿನಂತೆ ಮೋಟಾಗಿರುತ್ತದೆ.

ಆಗ ಅದೇ ಹುಡುಗ ಬಂದು ‘ಜಿಂಕ್ ಕಮ್ಮಿ ಆಗೇತಿ’ ಎಂದು ಇನ್ನೊಂದು ಬಾಟಲಿ ಮಾರಿ ಹೋಗುತ್ತಾನೆ. ಮೊದಲ ಸಲಹೆಯ ಪೆಟ್ಟಿಗೆ ಎರಡನೇ ಸಲಹೆಯ ಬಿಲ್ಲು.

ಇದು ಒಂದು ಬಗೆ. ಅಟ್ರಜಿನ್‌ದು ಇನ್ನೊಂದು. ಗೋವಿನಜೋಳಕ್ಕೆ ಒಳ್ಳೆಯ ಕಳೆನಾಶಕವೇ ಹೌದು. ಆದರೆ ಕ್ಷಾರ ಹೆಚ್ಚಿರುವ ಎರೆ ಭೂಮಿಯಲ್ಲಿ ಅದು ಬೇಗ ಕರಗುವುದಿಲ್ಲ. ಗೋವಿನಜೋಳದ ಹಿಂದೆಯೇ ಕಡಲೆ ಬಿತ್ತುವ ರೈತನಿಗೆ ಈ ಮಾತು ಹೇಳದೆ ಹೆಚ್ಚು ಡೋಸು ಕೊಟ್ಟರೆ, ಕಡಲೆ ಚೆನ್ನಾಗಿ ಹುಟ್ಟುತ್ತದೆ, ಕಾಳಿನಲ್ಲಿದ್ದ ಆಹಾರ ಮುಗಿದ ಮೇಲೆ ಕೆಳಗಿನ ಎಲೆಗಳ ಅಂಚು ಸುಡತೊಡಗುತ್ತದೆ. ಹುಟ್ಟಿ ಸಾಯುವ ಬೆಳೆಯನ್ನು ಕಂಡು ಎಲ್ಲರೂ ಸೊರಗು ರೋಗವೆನ್ನುತ್ತಾರೆ.

ಮೂರನೆಯದು ಪಂಪಿನದು, ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಕಬ್ಬಿಗೆ 2,4-ಡಿ ಎಂಬ ಕಳೆನಾಶಕ ಹೊಡೆದ ಪಂಪಿನಲ್ಲೇ ಮರುದಿನ ಹತ್ತಿಗೆ ಕೀಟನಾಶಕ ಹೊಡೆಯಬಹುದೇ ಎಂದು ರೈತ ಕೇಳುತ್ತಾನೆ. ‘ಒಮ್ಮೆ ನೀರಾಗ ತೊಳೆದ್ರ ಸಾಕ್ರಿ’ ಎಂಬುದು ಉತ್ತರ. ಸಾಕಾಗುವುದಿಲ್ಲ. 2,4-ಡಿಯ ಎಸ್ಟರ್ ರೂಪ ಎಣ್ಣೆಯಂಥದು. ಪಂಪಿನ ರಬ್ಬರ್ ವಾಷರು, ಪೈಪು, ಗ್ಯಾಸ್ಕೆಟ್‌ಗಳೊಳಗೆ ಇಳಿದು ಕೂರುತ್ತದೆ, ಬರೀ ನೀರಿಗೆ ಬಿಡುವುದಿಲ್ಲ. ಮರುದಿನ ಕೀಟನಾಶಕದಲ್ಲಿರುವ ದ್ರಾವಕ ಸೇರಿದಾಗ ಮೆಲ್ಲಗೆ ಹೊರಗೆ ಬರುತ್ತದೆ. ಹತ್ತಿಗೆ ಅತಿ ಕಡಿಮೆ ಪ್ರಮಾಣವೂ ತಡೆಯದು. ಹೊಸ ಎಲೆಗಳು ಬೆಂಡೆ ಎಲೆಯಂತೆ ಸೀಳಿ, ನರಗಳು ಒಂದಕ್ಕೊಂದು ಸಮಾಂತರವಾಗಿ ಎದ್ದು, ಕೈಬೆರಳು ಬಿಡಿಸಿಟ್ಟಂತೆ ಕಾಣುತ್ತವೆ. ಸರಿಯಾದ ಸಲಹೆ ಇಷ್ಟು: ಪಂಪನ್ನು ಮೊದಲು ನೀರಿನಲ್ಲಿ ತೊಳೆದು, ವಾಷಿಂಗ್ ಸೋಡಾ ಅಥವಾ ಅಮೋನಿಯಾ ಬೆರೆಸಿದ ನೀರು ತುಂಬಿ, ನಾಝಲ್‌ವರೆಗೂ ಹಾಯಿಸಿ, ಇಡೀ ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ಎರಡು ಮೂರು ಸಲ ತೊಳೆಯಬೇಕು. ಅದಕ್ಕಿಂತ ಸುಲಭದ ದಾರಿ, ಕಳೆನಾಶಕಕ್ಕೆ ಬೇರೆಯೇ ಪಂಪು ಇಡುವುದು. ಹತ್ತಿ, ದ್ರಾಕ್ಷಿ, ತೊಗರಿ, ಟೊಮೆಟೊ ಇರುವ ಕಡೆ ಎಸ್ಟರ್ ಬದಲು ಅಮೈನ್ ಉಪ್ಪಿನ ರೂಪ ಕೊಡುವುದು ಉತ್ತಮ, ಯಾಕೆಂದರೆ ಎಸ್ಟರ್ ಬಿಸಿಲಿಗೆ ಆವಿಯಾಗಿ ಬದು ದಾಟಿ ಹೋಗುತ್ತದೆ.

ಇದ್ಯಾವುದೂ ಗುಟ್ಟಲ್ಲ. ನಿಮ್ಮ ತರಬೇತಿಯಲ್ಲೇ ಇರುತ್ತದೆ, ಅಂಗಡಿ ಕಟ್ಟೆಗೆ ಮಾತ್ರ ಇಳಿಯುವುದಿಲ್ಲ. ಕಟ್ಟೆಗೆ ಇಳಿಯುವುದು ತಿಂಗಳ ಮಾರಾಟದ ಗುರಿ.

ನಷ್ಟ ಆದ ಮೇಲೆ ನಿಮ್ಮಿಂದ ಬರುವ ಉತ್ತರಗಳು ಬೆರಳೆಣಿಕೆಯಷ್ಟೇ. ಒಂದೊಂದಾಗಿ ನೋಡೋಣ.

‘ಲೇಬಲ್ ಓದಬೇಕಿತ್ತು’ ಎನ್ನುವುದು ಮೊದಲನೆಯದು. ಲೇಬಲ್ ಹೆಕ್ಟೇರಿನಲ್ಲಿ ಮಾತಾಡುತ್ತದೆ. ನಮ್ಮ ಹೊಲಗಳು ಎಕರೆ, ಗುಂಟೆಯಲ್ಲಿವೆ. ಮಡಚಿಟ್ಟ ಕರಪತ್ರದ ಅಕ್ಷರ ಓದಲು ಭೂತಗನ್ನಡಿ ಬೇಕು. ಅದಿರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 87 ಉತ್ಪನ್ನವನ್ನು ದುರ್ಬಳಕೆ ಮಾಡಿಕೊಂಡವರಿಗೆ ಮಾರಾಟಗಾರರ ಮೇಲೆ ದಾವೆ ಇಲ್ಲವೆನ್ನುತ್ತದೆ, ನಿಮ್ಮ ವಕೀಲರು ಅದನ್ನೇ ಮುಂದಿಡುತ್ತಾರೆ. ಆದರೆ ನಿಮ್ಮದೇ ಪ್ರತಿನಿಧಿ ಹೇಳಿದಂತೆ ಬಳಸುವುದು ಯಾವ ಲೆಕ್ಕದ ದುರ್ಬಳಕೆ? ಅದೇ ಕಾಯ್ದೆಯ ಕಲಂ 84, ಸರಿಯಾದ ಬಳಕೆಯ ಸೂಚನೆ ಮತ್ತು ತಪ್ಪು ಬಳಕೆಯ ಎಚ್ಚರಿಕೆ ಸಾಕಷ್ಟಿಲ್ಲದಿದ್ದರೆ ತಯಾರಕರನ್ನೇ ಹೊಣೆ ಮಾಡುತ್ತದೆ. ತಯಾರಕರ ಎಚ್ಚರಿಕೆ, ಸೂಚನೆಗಳನ್ನು ಗಿರಾಕಿಗೆ ದಾಟಿಸದ ಅಂಗಡಿಯವರನ್ನು ಕಲಂ 86 ಹೊಣೆ ಮಾಡುತ್ತದೆ. ಸೇವೆ ಕೊಟ್ಟವರು ಬೇಕೆಂದೇ ಮಾಹಿತಿ ಮುಚ್ಚಿಟ್ಟರೆ ಅಥವಾ ಅಪಾಯ ತಪ್ಪಿಸುವ ಸೂಚನೆ ಕೊಡದಿದ್ದರೆ ಕಲಂ 85 ಇದೆ.

‘ಸಲಹೆ ಉಚಿತ, ಅದು ಸೇವೆಯೇ ಅಲ್ಲ’ ಎನ್ನುವುದು ಎರಡನೆಯದು, ಸ್ವಲ್ಪ ಗಟ್ಟಿ ವಾದ. ಕಲಂ 2(42) ಉಚಿತವಾಗಿ ಕೊಟ್ಟದ್ದನ್ನು ಸೇವೆಯ ವ್ಯಾಖ್ಯೆಯಿಂದ ಹೊರಗಿಡುತ್ತದೆ, ನಿಜ. ಆದರೆ ಆ ಹುಡುಗನ ಸಂಬಳ, ಬೈಕಿನ ಪೆಟ್ರೋಲು, ಡೆಮೊ ಪ್ಲಾಟಿನ ಊಟ ಎಲ್ಲವೂ ಬಾಟಲಿಯ ಬೆಲೆಯಲ್ಲೇ ಇವೆ. ಬಾಟಲಿಯ ಜೊತೆಗೆ ಮಾರಿದ ಸಲಹೆ ಉಚಿತವಲ್ಲ. ಸಾಲದ್ದಕ್ಕೆ, ‘ಎಕರೆಗೊಂದು ಲೀಟರ್ ಹೊಡೆದರೆ ಬೆಳೆಗೆ ಏನೂ ಆಗಲ್ಲ’ ಎಂದು ವಾಟ್ಸಾಪಿನಲ್ಲಿ ಬರೆದದ್ದು ಸ್ಪಷ್ಟ ಖಾತರಿ. ಅದು ಸುಳ್ಳಾದರೆ, ಆ ಖಾತರಿ ಕೊಡುವಾಗ ತಯಾರಕರ ಕಡೆಯಿಂದ ಅಲಕ್ಷ್ಯವೋ ಮೋಸವೋ ಇರಲಿಲ್ಲವೆಂದು ತೋರಿಸಿದರೂ ಹೊಣೆ ತಪ್ಪದು ಎಂದು ಕಲಂ 84ರ ಎರಡನೇ ಉಪಕಲಂ ಹೇಳುತ್ತದೆ.

‘ಆ ಹುಡುಗ ನಮ್ಮ ನೌಕರನಲ್ಲ, ಮ್ಯಾನ್‌ಪವರ್ ಏಜೆನ್ಸಿಯವನು’ ಎನ್ನುವುದು ಮೂರನೆಯದು. ಮೈಮೇಲೆ ನಿಮ್ಮ ಟಿ-ಶರ್ಟು, ಕೈಯಲ್ಲಿ ನಿಮ್ಮ ಕರಪತ್ರ, ವಾಟ್ಸಾಪ್ ಗುಂಪಿಗೆ ನಿಮ್ಮ ಉತ್ಪನ್ನದ ಹೆಸರು. ತನ್ನ ಏಜೆಂಟನಿಗೆ ಅಧಿಕಾರವಿದೆಯೆಂದು ಮೂರನೆಯವರು ನಂಬುವಂತೆ ಮಾಡಿದವರು ಆ ಏಜೆಂಟನ ಕೆಲಸಕ್ಕೆ ಬದ್ಧರು ಎಂದು 1872ರ ಕರಾರು ಕಾಯ್ದೆಯ ಕಲಂ 237ರಲ್ಲೇ ಇದೆ.

‘ಬಾಟಲಿ ಲ್ಯಾಬಿಗೆ ಕಳಿಸಿದ್ದೇವೆ, ಗುಣಮಟ್ಟ ಸರಿ ಇದೆ’ ಎಂಬ ಇನ್ನೊಂದು ಉತ್ತರಕ್ಕೆ ಹೆಚ್ಚು ಮಾತು ಬೇಡ. ಬಾಟಲಿ ಸರಿ ಇದೆ ಎಂದೇ ನಾವೂ ಹೇಳುತ್ತಿದ್ದೇವೆ. ಕೆಟ್ಟದ್ದು ಮಾತು.

ರೈತ ಗ್ರಾಹಕನೇ ಅಲ್ಲ, ವ್ಯಾಪಾರಿ ಎಂಬ ಹಳೆಯ ರಾಗವನ್ನು ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲೇ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ತಳ್ಳಿಹಾಕಿದೆ. ಬಿತ್ತಿದ ಬೀಜವನ್ನು ಪರೀಕ್ಷೆಗೆ ಎಲ್ಲಿಂದ ತರಬೇಕು ಎಂಬ ಪ್ರಶ್ನೆಯನ್ನೂ ಅಲ್ಲಿ ರೈತರ ಪರವಾಗಿಯೇ ನೋಡಲಾಯಿತು. ಬೆಳೆ ವಿಮೆ ಇದೆಯಲ್ಲ ಎನ್ನುವವರಿಗೆ: ಫಸಲ್ ಬಿಮಾ ತಪ್ಪಿಸಲಾಗದ ನೈಸರ್ಗಿಕ ಅಪಾಯಗಳಿಗೆ. ತಪ್ಪು ಡೋಸು ಆ ಪಟ್ಟಿಯಲ್ಲಿಲ್ಲ.

ಇನ್ನು ಈ ಪತ್ರ ಓದುತ್ತಿರುವ ಬೆಳೆಗಾರರಿಗೆ. ಕಂಪನಿಗಳೂ ಇದನ್ನು ಓದಲಿ, ಮುಂದೆ ದೂರುಗಳು ಹೇಗೆ ಬರುತ್ತವೆಂದು ಗೊತ್ತಿರಲಿ.

ಬೆಳೆ ಸುಟ್ಟಂತೆ ಕಂಡ ದಿನವೇ ಕುಂಟೆ ಹೊಡೆದು ಮರುಬಿತ್ತನೆಗೆ ಇಳಿಯಬೇಡಿ. ಸಾಕ್ಷಿ ಇರುವುದು ಹೊಲದಲ್ಲೇ. ರೋಗ ತೇಪೆ ತೇಪೆಯಾಗಿ ಬರುತ್ತದೆ, ತಗ್ಗಿನಲ್ಲಿ ಹೆಚ್ಚು, ದಿಬ್ಬದಲ್ಲಿ ಕಡಿಮೆ. ಕಳೆನಾಶಕದ ಪೆಟ್ಟು ಪಂಪು ನಡೆದ ಸಾಲಿನ ಗುಂಟ ಬರುತ್ತದೆ. ಸಾಲಿನ ತುದಿಯಲ್ಲಿ ತಿರುಗುವಾಗ ಎರಡು ಸಲ ಬಿದ್ದ ಜಾಗದಲ್ಲಿ ಹೆಚ್ಚು ಸುಟ್ಟಿರುತ್ತದೆ, ಬದುವಿನ ಹತ್ತಿರ ಗೆರೆ ಎಳೆದಂತೆ ನಿಂತಿರುತ್ತದೆ. ಪಂಪು ಖಾಲಿಯಾಗಿ ಬಿಟ್ಟುಹೋದ ನಾಲ್ಕು ಮೊಳ ಜಾಗ ಹಸಿರಾಗಿ ಉಳಿದಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಆ ಹಸಿರು, ಪಕ್ಕದ ಹಳದಿ, ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೊ ತೆಗೆಯಿರಿ. ಮೂರನೇ ದಿನ, ಏಳನೇ ದಿನ, ಹದಿನೈದನೇ ದಿನ ಅದೇ ಜಾಗದಲ್ಲಿ ನಿಂತು, ಫೋನಿನ ಲೊಕೇಶನ್ ಆನ್ ಇಟ್ಟು ಮತ್ತೆ ತೆಗೆಯಿರಿ.

ಬಾಟಲಿ ಬಿಸಾಡಬೇಡಿ, ತೊಳೆಯಲೂಬೇಡಿ. ಮುಚ್ಚಳ ಬಿಗಿ ಮಾಡಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬ್ಯಾಚ್ ನಂಬರು, ತಯಾರಾದ ದಿನ, ಅವಧಿ ಮುಗಿಯುವ ದಿನ ಕಾಣುವಂತೆ ಒಂದು ಫೋಟೊ ಇರಲಿ. ಬಿಲ್ಲು ಇಲ್ಲದಿದ್ದರೆ ಅಂಗಡಿಗೆ ಹೋಗಿ ಇವತ್ತೇ ಕೇಳಿ. ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದ ಲೆಕ್ಕವನ್ನೂ ಇಟ್ಟುಕೊಳ್ಳಿ. ಎಷ್ಟೋ ಸಲ ಡೋಸು ಬರೆದಿರುವುದು ಅದರ ಹಿಂದೆಯೇ. ಸಲಹೆ ವಾಟ್ಸಾಪಿನಲ್ಲಿ ಬಂದಿದ್ದರೆ ಸ್ಕ್ರೀನ್‌ಶಾಟ್ ಒಂದೇ ಸಾಲದು, ಸಂದೇಶ ಇರುವ ಫೋನನ್ನೇ ಹಾಗೇ ಉಳಿಸಿ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಲ್ಲಿ ಹೇಳಿದ, ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಪ್ರಮಾಣಪತ್ರ ಸೇರಿಸಿದರೆ ಆ ಸಂದೇಶಕ್ಕೆ ತೂಕ ಬರುತ್ತದೆ. ಸಲಹೆ ಬರೀ ಬಾಯಿಮಾತಿನಲ್ಲಿ ಬಂದಿದ್ದರೆ ಹೊಡೆಯುವ ಮುಂಚೆಯೇ ಅದನ್ನು ಬರಹಕ್ಕೆ ತರುವ ಉಪಾಯ ಒಂದಿದೆ: ‘ನೀವು ಹೇಳಿದಂತೆ ಎಕರೆಗೆ ಇಷ್ಟು, ಪಂಪಿಗೆ ಇಷ್ಟು ಹಾಕ್ತಾ ಇದ್ದೀನಿ, ಸರಿ ತಾನೆ?’ ಎಂದು ಅವನಿಗೇ ಮೆಸೇಜ್ ಕಳಿಸಿ. ‘ಹೂಂ’ ಎಂಬ ಒಂದಕ್ಷರ ಬಂದರೂ ಸಾಕು. ಬರದಿದ್ದರೆ ಹೊಡೆಯಬೇಡಿ.

ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೃಷಿ ವಿಜ್ಞಾನ ಕೇಂದ್ರ ಅಥವಾ ನಿಮ್ಮ ಭಾಗದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೊಲಕ್ಕೆ ಬರಲಿ. ಆ ದಿನ ಕಂಪನಿಯವರಿಗೂ ಅಂಗಡಿಯವರಿಗೂ ಮುಂಚೆಯೇ ತಿಳಿಸಿರಬೇಕು. ಅವರು ಬರಲಿ ಬಿಡಲಿ, ಕರೆದದ್ದಕ್ಕೆ ದಾಖಲೆ ಇರಬೇಕು. ಅವರಿಗೆ ಹೇಳದೆ ಮಾಡಿದ ಪಂಚನಾಮೆಯನ್ನು ಏಕಪಕ್ಷೀಯ ಎಂದು ಮೊದಲ ವಿಚಾರಣೆಯಲ್ಲೇ ತಳ್ಳಲು ನೋಡುತ್ತಾರೆ. ವರದಿಯಲ್ಲಿ ‘ಬೆಳೆ ಹಾನಿಯಾಗಿದೆ’ ಎಂದಷ್ಟೇ ಬರೆಸಿಕೊಂಡು ಬರಬೇಡಿ. ಯಾವ ಕಾರಣಕ್ಕೆ, ಶೇಕಡಾ ಎಷ್ಟು, ಎಷ್ಟು ಗುಂಟೆಯಲ್ಲಿ ಎಂಬ ಮೂರೂ ಇರಬೇಕು. ಬಹುತೇಕ ದೂರುಗಳು ಬೀಳುವುದು ಮೊದಲನೆಯದು ಇಲ್ಲದ್ದಕ್ಕೆ.

ಮಣ್ಣಿನಲ್ಲಿ ಔಷಧಿ ಉಳಿದಿದೆಯೆಂಬ ಅನುಮಾನವಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹೊಲದ ಎಂಟು ಹತ್ತು ಕಡೆ, ಮೇಲಿನ 15 ಸೆಂ.ಮೀ. ಆಳದ ಮಣ್ಣು ತೆಗೆದು ಬೆರೆಸಿ. ಔಷಧಿ ಬೀಳದ ಬದುವಿನಾಚೆಯ ಮಣ್ಣನ್ನೂ ಹಾಗೆಯೇ ತನ್ನಿ. ಎರಡೂ ಮಣ್ಣಿನಲ್ಲಿ ಮೂರು ಮೂರು ಕುಂಡ ಮಾಡಿ, ಒಂದೇ ಪ್ಯಾಕೆಟ್ಟಿನ ಸೌತೆ ಬೀಜ ಹಾಕಿ, ಒಂದೇ ಪ್ರಮಾಣದ ನೀರು ಕೊಡಿ. ಜೋಳದ ಪ್ರಕರಣವಾದರೆ ಜೋಳವನ್ನೇ ಬಿತ್ತಿ. ಎರಡು ಮೂರು ವಾರದಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತದೆ. ಇದು ಪ್ರಯೋಗಾಲಯದ ವರದಿಗೆ ಬದಲಲ್ಲ, ಪ್ರಯೋಗಾಲಯಕ್ಕೆ ದುಡ್ಡು ಹಾಕಬೇಕೋ ಬೇಡವೋ ಎಂಬುದನ್ನು ಹೇಳುತ್ತದೆ.

ಈ ನಡುವೆ ಕಂಪನಿಯವರು ಬಂದೇ ಬರುತ್ತಾರೆ, ಒಂದೆರಡು ಬಾಟಲಿ ಟಾನಿಕ್ ಪುಕ್ಕಟೆ ಕೊಟ್ಟು ‘ಸ್ವೀಕರಿಸಿದ್ದೇನೆ’ ಎಂಬ ಕಾಗದಕ್ಕೆ ಸಹಿ ಕೇಳುತ್ತಾರೆ. ಆ ಕಾಗದದ ಕೊನೆಯ ಸಾಲು ಓದಿ. ‘ನನ್ನ ದೂರು ಬಗೆಹರಿದಿದೆ’ ಎಂದಿದ್ದರೆ ಟಾನಿಕ್ ವಾಪಸ್ ಕೊಡಿ.

ಲೆಕ್ಕ ಹೀಗೆ ಹಾಕಿ. ಉದಾಹರಣೆಗೆ ಎರಡು ಎಕರೆ ಹತ್ತಿ. ಎಕರೆಗೆ 8 ಕ್ವಿಂಟಲ್ ಬರಬೇಕಾದಲ್ಲಿ 3 ಬಂತು. ಕಡಿಮೆಯಾದದ್ದು ಒಟ್ಟು 10 ಕ್ವಿಂಟಲ್. ಕ್ವಿಂಟಲಿಗೆ 7,000 ರೂಪಾಯಿ ಹಿಡಿದರೆ 70,000. ಆ ಹತ್ತು ಕ್ವಿಂಟಲ್ ಬಿಡಿಸುವ ಕೂಲಿ ಉಳಿಯಿತಲ್ಲ, ಕಿಲೋಗೆ 10 ರೂಪಾಯಿಯಂತೆ 10,000 ಕಳೆಯಿರಿ. 60,000 ಬೆಳೆ ನಷ್ಟ. ಅದರ ಮೇಲೆ ಔಷಧಿಯ ಬೆಲೆ, ಹೊಡೆದ ಕೂಲಿ, ಬೆಳೆ ಉಳಿಸಲು ಮಾಡಿದ ಖರ್ಚು, ದೂರಿನ ಖರ್ಚು, ಬಡ್ಡಿ. ಉಳಿದ ಕೂಲಿಯನ್ನು ನೀವಾಗಿಯೇ ಕಳೆದು ತೋರಿಸಿದರೆ ನಿಮ್ಮ ಉಳಿದ ಅಂಕಿಗಳನ್ನು ಗ್ರಾಹಕ ಆಯೋಗ ನಂಬುತ್ತದೆ. ಇಳುವರಿಗೆ ಪಕ್ಕದ ಹೊಲಗಳ ತೂಕದ ಚೀಟಿ, ಧಾರಣೆಗೆ ಎಪಿಎಂಸಿ ದರ, ಬೆಳೆ ಇತ್ತೆನ್ನುವುದಕ್ಕೆ ಬೆಳೆ ಸಮೀಕ್ಷೆ ನಮೂದಾದ ಪಹಣಿ ಇರಲಿ.

ಮೊದಲು ನೋಟಿಸು, ಸ್ಪೀಡ್ ಪೋಸ್ಟಿನಲ್ಲಿ, ಕಂಪನಿಗೂ ಅಂಗಡಿಗೂ, ಹದಿನೈದು ದಿನ ಗಡುವು ಕೊಟ್ಟು. 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ನೋಂದಾಯಿಸಿದರೆ ಕೆಲವು ಅಲ್ಲೇ ಇತ್ಯರ್ಥವಾಗುತ್ತವೆ. ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿಯ ಮುಖ್ಯ ಕಚೇರಿ ಯಾವ ಮಹಾನಗರದಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 34 ಅದಕ್ಕೆ ಅವಕಾಶ ಕೊಟ್ಟಿದೆ. ಶುಲ್ಕ ನಿರ್ಧಾರವಾಗುವುದು ನೀವು ಕೊಟ್ಟ ಬೆಲೆಯ ಮೇಲೆ, ಕೇಳುವ ಪರಿಹಾರದ ಮೇಲಲ್ಲ. ಕೊಟ್ಟದ್ದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಎದುರುದಾರರು ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಮತ್ತೆ 15 ದಿನ ಪಡೆಯಬಹುದು. ಅದಕ್ಕಿಂತ ಒಂದು ದಿನವೂ ಇಲ್ಲವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2020ರಲ್ಲಿ ಹೇಳಿದೆ. ದೂರಿನಲ್ಲಿ ಒಂದು ಎಚ್ಚರ: ಮೇಲೆ ಹೇಳಿದ ಕಲಂ 84ರಿಂದ 87ರವರೆಗಿನ ಉತ್ಪನ್ನ ಹೊಣೆಗಾರಿಕೆಯೊಂದನ್ನೇ ನೆಚ್ಚಬೇಡಿ. ಕಲಂ 2(22)ರ ‘ಹಾನಿ’ಯ ವ್ಯಾಖ್ಯೆ ಬರೀ ವಾಣಿಜ್ಯ, ಆರ್ಥಿಕ ನಷ್ಟವನ್ನು ಹೊರಗಿಡುತ್ತದೆ. ನಿಂತ ಬೆಳೆಯನ್ನು ಆಸ್ತಿಯೆಂದು ಬರೆಯಿರಿ, ಜೊತೆಗೆ ಸೇವಾ ನ್ಯೂನತೆ ಮತ್ತು ಅಲಕ್ಷ್ಯಕ್ಕೆ ಕಲಂ 39ರ ಪರಿಹಾರವನ್ನೂ ಕೇಳಿ.

ಮತ್ತೆ ಕಂಪನಿಗಳಿಗೆ. ನಾವು ಕೇಳುತ್ತಿರುವುದು ದಾನವಲ್ಲ. ನಿಮ್ಮ ಪ್ರತಿನಿಧಿ ಕೊಡುವ ಪ್ರತಿ ಸಲಹೆಯೂ ಒಂದು ಚೀಟಿಯಲ್ಲಿ ಬರಲಿ: ಬೆಳೆ, ಅದರ ವಯಸ್ಸು, ಎಕರೆಗೆ ಎಷ್ಟು, 15 ಲೀಟರ್ ಪಂಪಿಗೆ ಎಷ್ಟು ಮಿಲಿ, ಏನು ಬೆರೆಸಬಾರದು, ಮುಂದಿನ ಬೆಳೆ ಯಾವುದು ಆಗದು, ಕೊನೆಗೆ ಹೆಸರು ಮತ್ತು ಸಹಿ. ವೈದ್ಯರು ಹತ್ತು ಮಾತ್ರೆಗೂ ಚೀಟಿ ಬರೆಯುತ್ತಾರೆ. ಎರಡೆಕರೆ ಬೆಳೆಗೆ ಬರೆಯಲು ನಿಮಗೇನು ಕಷ್ಟ? ಬಾಟಲಿಯೊಂದಿಗೆ 10 ಮಿಲಿ ಗೆರೆಗಳಿರುವ ಅಳತೆ ಲೋಟ ಕೊಡಿ. ಹೆಕ್ಟೇರಿನ ಪಕ್ಕದಲ್ಲಿ ಎಕರೆ ಲೆಕ್ಕವನ್ನೂ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಹಾಕಲು ಕೀಟನಾಶಕಗಳ ಕೇಂದ್ರ ನೋಂದಣಿ ಸಮಿತಿಯನ್ನು ನೀವೇ ಕೇಳಿ. ದೂರು ಬಂದ ಏಳು ದಿನದೊಳಗೆ ನಿಮ್ಮ ತಂತ್ರಜ್ಞರು ಹೊಲಕ್ಕೆ ಬಂದು ತಮಗೆ ಕಂಡದ್ದನ್ನು ಬರೆದು, ಒಂದು ಪ್ರತಿ ರೈತನಿಗೆ ಕೊಟ್ಟು ಹೋಗಲಿ. ತಪ್ಪು ನಿಮ್ಮದೆಂದು ತಿಳಿದ ಮೇಲೂ ಆಯೋಗಕ್ಕೆ ಎಳೆದಾಡಿಸಬೇಡಿ.

ಕೃಷಿ ಇಲಾಖೆಗೆ ಒಂದೇ ಮಾತು. ತಪಾಸಣೆಗೆ ಬಂದಾಗ ಅಂಗಡಿಯವರ ಸ್ಟಾಕು ಪುಸ್ತಕ ನೋಡುತ್ತೀರಿ, ಸಲಹೆ ಚೀಟಿಯ ಪುಸ್ತಕವನ್ನೂ ಕೇಳಿ. ಅಂಗಡಿಯವರಿಗೆ ಈ ವಿಷಯದ ಓದೋ ತರಬೇತಿಯೋ ಇರಬೇಕೆಂಬ ನಿಯಮ ತಂದದ್ದೇ ಸಲಹೆ ಸರಿಯಿರಲಿ ಎಂದಲ್ಲವೇ?

ಈ ಪತ್ರಕ್ಕೆ ಉತ್ತರಿಸುವುದಿದ್ದರೆ ದಯವಿಟ್ಟು ಫೋನ್ ಮಾಡಬೇಡಿ. ಬರೆದು, ಸಹಿ ಹಾಕಿ ಕಳಿಸಿ.

ಇತಿ,
ಬೆಳೆ ನಷ್ಟದ ದೂರುಗಳನ್ನು ಬರೆದುಕೊಡುವವರು